ಮೂರನೇ ನಂಬರಿನ ಕಡ್ಡಿ

ಬ್ರನೋ ಊರಿನ ಗುಜರಿ ಸಂತೆ ಶುರುವಾಗುವುದು
ಬೆಳಕು ಹರಿಯುವ ಮುಂಚೆ.
ಟಾರ್ಚು ಹಿಡಿದು, ಸೊಂಟ ಬಗ್ಗಿಸಿ,
ಟಾರ್ಪಾಲಿನ ಮೇಲೆ ಸುರಿದ ಕಬ್ಬಿಣದಲ್ಲಿ
ಒಂದೊಂದು ಸಂಖ್ಯೆ ಹುಡುಕುವವರು ನಾವು.
ಮುಖ ನೋಡಿ ಮಾತಾಡುವುದಿಲ್ಲ ಯಾರೂ.
ಬೆರಳ ತುದಿಗೇ ಕಣ್ಣು.
ಎರಕದ ಗುರುತು, ಪುಟ್ಟ ತ್ರಿಕೋನ,
ಒಳಗೆ ಐವತ್ತೊಂಬತ್ತು.
ಗ್ರೀಸು ಒರೆಸಿದರೆ, ಅರವತ್ತೊಂದು.
ಇಟ್ಟುಬಿಡು ಇದ್ದಲ್ಲೇ.

"ಹೊಸದು ಸಾರ್, ಥೇಟ್ ಅದರ ಹಾಗೇ ಇದೆ" ಅಂದ
ಪ್ಲಾಸ್ಟಿಕ್ ಚೀಲ ತೂಗಾಡಿಸುತ್ತ ಒಬ್ಬ ಹುಡುಗ.
ಅದರ ಹಾಗೆ ಇರುವುದು ಅದಲ್ಲ ತಮ್ಮಾ.
ಈ ಮಾತು ನನ್ನದೂ ಅಲ್ಲ,
ವಿಯೆನ್ನಾದ ಹಲ್ಲಿನ ಡಾಕ್ಟರದು.
ಕಾರು ಅವರದು. ಟಾಟ್ರಾ. ಬೆನ್ನ ಹಿಂದೆ ಎಂಜಿನ್ನು,
ಎಂಟು ಸಿಲಿಂಡರು, ನೀರು ಕೇಳದ ಜಾತಿ,
ಗಾಳಿ ಕುಡಿದೇ ಬದುಕುವಂಥದು.
ತೀರ್ಪುಗಾರರು ಮುಚ್ಚಳ ಎತ್ತಿದರೆ
ಒಂದು ತಿರುಪೂ ಸುಳ್ಳು ಹೇಳಕೂಡದು.
ಕಟ್ಟುಹಲ್ಲು ಕೂರಿಸಿ ಕಾಸು ಮಾಡಿದ ಮನುಷ್ಯ,
ಅವರ ಕಾರಿಗೆ ಮಾತ್ರ ಹುಟ್ಟುಹಲ್ಲೇ ಬೇಕು.

ಎರಡು ಕಾರ್ಬ್ಯುರೇಟರು. ಎಡದ್ದು ಸಾಚಾ.
ಬಲದ್ದನ್ನು ಬಿಚ್ಚಿದ ದಿನ
ತೇಲುಬುರುಡೆಯ ಮೇಲೆ, ಪೆಟ್ರೋಲಿನ ಬಾಗಿಲು ಕಾಯುವ
ಹಿತ್ತಾಳೆ ಮುಳ್ಳಿರಬೇಕಾದ ಜಾಗದಲ್ಲಿ
ಬೂದು ಬಣ್ಣದ ಉಕ್ಕು.
ಯಾವ ಕಾರ್ಖಾನೆಯ ಮಗುವೂ ಅಲ್ಲ.
ಅರ ಹಾಕಿ ಉಜ್ಜಿದ್ದು, ಕೈಯಲ್ಲಿ, ರಾತ್ರಿಗಳಲ್ಲಿ.
ತುದಿಯ ನಯಕ್ಕೆ
ನನ್ನ ಮೈಕ್ರೋಮೀಟರು ನಾಚಿತು.

ಕಾಗದಪತ್ರ ಬಗೆದೆ. ಒಸ್ತ್ರಾವಾದ ಗಣಿ ನಿರ್ದೇಶಕರ ಕಾರು.
ಆಮೇಲೆ ಅವರ ಡ್ರೈವರು ಓಲ್ಡ್‌ರಿಖ್ ಶೆಬೆಸ್ತಾ
ಗುಜರಿ ಬೆಲೆಗೆ ಕೊಂಡು
ಮೂವತ್ತೊಂದು ವರ್ಷ ಓಡಿಸಿದ.
ಇಂಥವರ ಮನೆಯ ಡ್ರಾಯರಿನಲ್ಲೇ
ಅಸಲಿ ಮಾಲು ಅಡಗಿರುವುದು. ಹೋದೆ.

ಶೆಬೆಸ್ತಾ ಇರಲಿಲ್ಲ. ಏಳು ವರ್ಷವಾಗಿತ್ತಂತೆ.
ಬಾಗಿಲು ತೆಗೆದವಳು ಕ್ವೆತುಶೆ, ಅವನ ಹೆಂಡತಿ.
ಉಕ್ಕಿನ ಚೂರನ್ನು ಅಂಗೈಗೆ ಹಾಕಿದೆ.
ಕನ್ನಡಕ ಹುಡುಕಲೂ ಇಲ್ಲ ಆಕೆ.
"ಇದು ನಂದು" ಅಂದಳು.

"ಎಪ್ಪತ್ತನಾಲ್ಕರ ಚಳಿ. ಬಿಡಿಭಾಗಕ್ಕೆ ಅರ್ಜಿ ಹಾಕಿದರೆ
ಒಂದೂವರೆ ವರ್ಷ ಕಾಯಿ ಅಂದರು.
ನಾನು ಅವನಿಗೇ ಸ್ವೆಟರು ಹಾಕ್ತಿದ್ದೆ.
ಬಲತೋಳು ಮೊಣಕೈ ಮುಟ್ಟಿತ್ತು.
ಎದುರಿಗೆ ಕೂತು ನೋಡ್ತಾನೇ ಇದ್ದ,
ಸಾಲು ಮುಗಿದು ಒಂದು ಕಡ್ಡಿ ಖಾಲಿಯಾಯಿತು ನೋಡು,
ಎತ್ಕೊಂಡು ಹೋದ."

ಬೇರೆ ಕಡ್ಡಿ ಕೊಳ್ಳಬಹುದಿತ್ತಲ್ಲ ಅಂದೆ.

"ಮೂರನೇ ನಂಬರು ಅಂಗಡಿಯಲ್ಲಿ ಇರಲಿಲ್ಲ.
ಅದು ಬಂದಾಗ ಈ ಬೂದು ಉಣ್ಣೆ ಇರಲಿಲ್ಲ.
ಎರಡೂ ಸಿಕ್ಕ ಕಾಲಕ್ಕೆ
ಅವನಿಗೆ ಹೊಟ್ಟೆ ಬಂದಿತ್ತು."

ಡ್ರಾಯರು ಎಳೆದಳು. ಅಸಲಿ ಮಾಲು.
ಒಂಟಿ ಕಡ್ಡಿ, ಅದರ ಮೇಲೆ
ಅರ್ಧ ತೋಳು, ಇನ್ನೂ ಕೂತೇ ಇದೆ.
ನಾನು ಹುಡುಕುತ್ತಿದ್ದ ಮುಳ್ಳಿನ ಸುದ್ದಿ
ಆ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಬ್ರಾತಿಸ್ಲಾವಾದಲ್ಲಿ,
ಮುಳುಗಿದ ಅಂಗಡಿಯೊಂದರ ಅಟ್ಟದಲ್ಲಿ,
ಮೇಣದ ಕಾಗದ ಬಿಚ್ಚದೆ. ಹಿತ್ತಾಳೆ, ತ್ರಿಕೋನ, ಐವತ್ತೊಂಬತ್ತು.
ಕೂರಿಸಿದೆ. ಮೂರು ದಿನ ಪೆಟ್ರೋಲು ಜಿನುಗಿತು,
ನಾಲ್ಕನೇ ದಿನ ನಿಂತಿತು.
ತೀರ್ಪುಗಾರರು ನೂರಕ್ಕೆ ನೂರು ಕೊಟ್ಟರು.
"ತೆಗೆದದ್ದನ್ನು ಬಿಸಾಕಿ" ಅಂದರು ಡಾಕ್ಟರು, ಹಲ್ಲು ಬಿಟ್ಟು.

ಬಿಸಾಕದೆ ಒಸ್ತ್ರಾವಾಕ್ಕೆ ಒಯ್ದು ಕೊಟ್ಟೆ.
ಜೊತೆಗಡ್ಡಿಯ ಪಕ್ಕ ಇಟ್ಟು ನೋಡಿದಳು:
ಅದು ಮೂವತ್ತೈದು ಸೆಂಟಿಮೀಟರು,
ಇದು ಎರಡು.
ಮೂಸಿದಳು. ಮತ್ತೆ ಇಟ್ಟಳು.

"ಉಳಿದದ್ದು?" ಅಂದಳು.
"ಏನನ್ನೂ ಎಸೆಯೋ ಗಂಡಸಲ್ಲ ಅವನು."

ವಿಯೆನ್ನಾದ ಗಾಜಿನ ಗ್ಯಾರೇಜು ಕಣ್ಣಿಗೆ ಬಂತು,
ಗೋಡೆಯ ಮೇಲೆ ಪ್ರಮಾಣಪತ್ರ, ಚಿನ್ನದ ಅಂಚು.
ಯಾವ ಕೀಲಿನ ಒಳಗೆ, ಯಾವ ಬಾಗಿಲಿನ ಚಿಲಕದಲ್ಲಿ
ಮೂವತ್ತಮೂರು ಸೆಂಟಿಮೀಟರು ಹಂಚಿಹೋಗಿದೆಯೋ.
ಗೊತ್ತಿಲ್ಲ ಅಂದೆ. ನಿಜವೇ.

ಅಷ್ಟರಲ್ಲಿ ಆಕೆ ತೋಳು ಎತ್ತಿಕೊಂಡು
ಕಡ್ಡಿಯ ಮೇಲಿನ ಮನೆಗಳನ್ನು ಎಣಿಸುತ್ತಿದ್ದಳು.
ನಲವತ್ತೆರಡು.
ಒಂದೂ ಜಾರಿರಲಿಲ್ಲ.