ಕೈಬಣ್ಣ

ಒಂಟಿಕೊಪ್ಪಲಿನ ಹಳೇ ಮನೆ, ಸೀರಿಯಲ್ಲಿಗೆ ಬಾಡಿಗೆ ಹಿಡಿದವ್ರೆ.
ಹಜಾರದಲ್ಲಿ ಥರ್ಮಕೋಲಿನ ದೇವರಗೂಡು,
ಬಚ್ಚಲಲ್ಲಿ ನಮ್ಮ ಮೇಕಪ್ ಪೆಟ್ಟಿಗೆ.
ಮೊದಲ ದಿನ ಮಾಸ್ಟರು ಐದು ಬಾಟ್ಲಿ ಇಟ್ಟುಕೊಂಡು
ತಲೆ ಕೆರೆದು, ಸುತ್ತ ನೋಡಿ,
'ಕೆಂಪಾಜಿ, ಕೈ ಕೊಡು' ಅಂದರು.
ಏನೋ ಹಿಡ್ಕೊಳಕ್ಕೆ ಅಂತ ಚಾಚಿದೆ.
ರವಿಕೆ ತೋಳು ಮೇಲಕ್ಕೆ ಸರಿಸಿ
ಹೀರೋಯಿನ್ ಕೆನ್ನೆ ಪಕ್ಕಕ್ಕೆ ನನ್ನ ಕೈ ಹಿಡಿದು
ತೊಟ್ಟು ತೊಟ್ಟೇ ಬೆರೆಸಿದರು.
ಇದೇ, ಇದೇ.
ಬಾಟ್ಲಿಗೆ ಪಟ್ಟಿ ಅಂಟಿಸಿ 'ಕೆ' ಅಂತ ಬರೆದರು.

ಅಜ್ಜಿ ಹೆಸರು ನಂಗಿಟ್ಟಿದ್ದು, ಕೆಂಪಾಜಮ್ಮ.
ಕರ್ರಗೆ ಹುಟ್ಟಿದವಳನ್ನ ಹಂಗೆ ಕೂಗಿದರೆ
ಅರಕೆರೆಯಲ್ಲಿ ಯಾರಿಗೂ ನಗು ಬಂದದ್ದಿಲ್ಲ.
ಸೆಟ್ಟಲ್ಲಿ ಎಲ್ಲಾ ನಕ್ಕರು.
ನಾನೂ.

ಕಥೆ ಗೊತ್ತಲ್ಲ, ಹುಡುಗಿ ಕಪ್ಪು, ಮನಸ್ಸು ಬಂಗಾರ.
ಎಂಟು ಗಂಡು ಬಂದು ಕಾಫಿ ಕುಡಿದು ಎದ್ದುಹೋದವು.
ಕಣ್ಣೀರು ಗ್ಲಿಸರಿನ್ನು,
ಮಾತು ಯಾರೋ ಸ್ಟುಡಿಯೋದಲ್ಲಿ ಕೂತು ಆಡೋದು,
ಬಣ್ಣ ನಂದು.
ಆ ಹುಡುಗಿ ಕೆಟ್ಟವಳಲ್ಲ ಕಣವ್ವ,
ಡಬ್ಬಿ ಬಿಚ್ಚಿದರೆ ಅರ್ಧ ಚಪಾತಿ ನಂಗೇ.
ಸಂಜೆ ಕೊಬ್ಬರಿ ಎಣ್ಣೆ ಸವರಿ ಒರೆಸ್ತೀನಿ,
'ಮೆಲ್ಲಗೆ ಅಕ್ಕಾ, ಉರೀತದೆ' ಅಂತಾಳೆ.
ಮುಖ ತೊಳೆದರೆ
ಬಚ್ಚಲ ನೀರು ಟೀ ಥರ ಹರೀತದೆ.

ನಾಲೆಗೆ ನೀರು ಬುಟ್ಟ ವಾರ
ಮೂರು ದಿನ ರಜ ಹಾಕಿ ನಾಟಿಗೆ ಹೋಗಿದ್ದೆ.
ಬಂದಾಗ ಬಾಟ್ಲಿ ಖಾಲಿ. ಮಾಸ್ಟರು ಹೊಸದು ಬೆರೆಸಿದರು,
ನನ್ನ ಕೈ ನೋಡ್ಕೊಂಡೇ.
ಮಾನಿಟರ್ ಮುಂದೆ ಡೈರೆಕ್ಟರು ಹೌಹಾರಿದರು,
'ಇಷ್ಟೊಂದು ಕಪ್ಪಾ? ಜನ ಒಪ್ಪಲ್ಲ ಕಣ್ರೀ!'
ಬೈಸಿಕೊಂಡವಳು ನಾನು.
ಅವತ್ತಿಂದ ಗದ್ದೆಗಿಳಿದರೆ ತುಂಬುತೋಳು ಹಾಕಬೇಕಂತೆ,
ಕಂಟಿನ್ಯೂಟಿಗೆ.

'ಅಂಗಾರೆ ನಾನೇ ಮಾಡ್ಲಾ ಸಾರ್?'
ತಮಾಷೆಗೆ ಕೇಳಿದೆ. ತಮಾಷೆಗೇ.
'ಲೈಟು ಹಿಡಿಯಲ್ಲಮ್ಮ' ಅಂದರು, ಬೇಜಾರಿಲ್ಲದೆ,
ಅಂಗಡಿಯವನು ಚಿಲ್ಲರೆ ಇಲ್ಲ ಅಂದ ಹಾಗೆ.

ಒಂದು ದಿನ ಮಾತ್ರ ಹಿಡೀತು.
ಹುಡುಗಿ ಮುದ್ದೆ ಕಟ್ಟೋ ಸೀನು.
ಆಕೆಗೆ ಕೋಲು ಹಿಡಿಯೋದೂ ಬರಲ್ಲ, ಹಿಟ್ಟೆಲ್ಲ ಗಂಟು,
ಎರಡು ಸಲ ಬೆರಳು ಸುಟ್ಕೊಂಡು ಅತ್ತಳು, ಗ್ಲಿಸರಿನ್ ಇಲ್ಲದೆ.
'ಕೆಂಪಾಜಿನ ಕರೀರಿ, ಕೈ ಮಾತ್ರ ಸಾಕು.'
ಆಕೆಯ ಬಳೆ ತೊಟ್ಟು ಕೂತೆ.
ತೊಳಸಿದೆ, ತಿರುವಿದೆ, ಮರಿಗೆಗೆ ಹಾಕಿ
ಒದ್ದೆ ಅಂಗೈಯಲ್ಲಿ ಉಂಡೆ ಮಾಡಿದೆ.
ಬಣ್ಣ ಹಚ್ಚೋದು ಬೇಡ ಅಂದರು ಮಾಸ್ಟರು.
ನಾಕು ಸೆಕೆಂಡು.

ಆ ಎಪಿಸೋಡ್ ಬಂದ ರಾತ್ರಿ ನಮ್ಮತ್ತೆ ತಟ್ಟೆ ಮುಂದೆ ಕೂತು
ಟೀವಿಯಿಂದ ಕಣ್ಣು ಕೀಳಲಿಲ್ಲ.
'ನೋಡು, ಎಂಗೆ ಕಟ್ತದೆ ಮುದ್ದೆಯ! ಏನ್ ಕೈಯವ್ವ ಅದು.
ಬಣ್ಣ ಒಂದು ಇಲ್ಲ ಪಾಪ, ಯಾವನ್ ಕಟ್ಕತಾನೆ.
ನಿಂದೂ ಮುದ್ದೆನಾ?'
ಅಂದು, ನಾನು ಬಡಿಸಿದ್ದನ್ನ ಮುರಿದು
ಸಾರಿಗೆ ಅದ್ದಿ ನುಂಗಿದಳು.

ನನ್ನ ಮಗ ಬಾಯಿ ಕಳೆದುಕೊಂಡು ನೋಡ್ತಿದ್ದ,
ಒಂದು ಸಲ ಟೀವಿನ, ಒಂದು ಸಲ
ನನ್ನ ಹೆಬ್ಬೆಟ್ಟಿನ ಹಳೇ ಸುಟ್ಟಗಾಯನ.
ಕಣ್ಣಲ್ಲೇ ಸುಮ್ನಿರು ಅಂದೆ.

ಎದ್ದು ಹೋಗಿ ಕೈ ತೊಳೆದೆ.
ನೀರು ತಿಳಿಯಾಗೇ ಹೋಯ್ತು.