ಎಲ್ಲಿ ದುಃಖ?

ನಮೂನೆಯಲ್ಲಿ ಊರಿಗೆಂದು ಇರುವುದು ಒಂದೇ ಗೆರೆ.
ಕೌಂಟರಿನ ಓಂಕಾರಿ ಕೇಳಿದ, ಮತ್ತೆ ಕೇಳಿದ,
ಕೊನೆಗೆ ತಾನೇ ಬರೆದುಕೊಂಡ: ತೀರ್ಥಹಳ್ಳಿ.
ಹುಡುಗಿ ಈ ದೇಶಕ್ಕೆ ಬಂದು ಒಂಬತ್ತು ವಾರ.
ದೈಲೇಖ, ಅದರ ಬೆಟ್ಟ, ಬೆಟ್ಟದ ಮೇಲೆ ಬಿಟ್ಟುಬಂದ ಮೇಕೆ
ಗೆರೆಯಿಂದಾಚೆ ಉಳಿದವು.
ಸಿರ್ಜನಾ ಹೋಗಿ ಸೃಜನಾ ಆದಳು. ವಯಸ್ಸು ಏಳು.
ಹಾಸಿಗೆ ಹನ್ನೊಂದು.

ನಾನು ಮೆಗ್ಗಾನಿನಲ್ಲಿ ರಾತ್ರಿ ಪಾಳಿಯ ಆಯಾ.
ನನಗೆ ಹಿಂದಿ ಬರುತ್ತದೆಂದು ಯಾರು ಊದಿದರೋ,
ಡಾಕ್ಟರು ಕರೆಸಿದರು.
ನನ್ನದು ಧಾರಾವಾಹಿಯ ಹಿಂದಿ ಸ್ವಾಮಿ.
'ಈ ಮನೆಯ ಸೊಸೆ ನಾನು' ಎಂದು ಗುಡುಗಬಲ್ಲೆ,
'ಹಾಲಿಗೆ ವಿಷ ಬೆರೆಸಿದ್ದಾರೆ' ಎಂದು ಕಿರುಚಬಲ್ಲೆ.
ಮಗು ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂದು
ಯಾವ ಅತ್ತೆಯೂ ಯಾವ ಕಂತಿನಲ್ಲೂ ಕೇಳಿದ್ದಿಲ್ಲ.

ತಾಯಿ ಧನಸರಾ. ಅವಳ ಹಿಂದಿಯೂ ನನ್ನಷ್ಟೇ.
ಮಾತು ಮಾತಿನ ಕೊನೆಗೆ ಛ, ಛ ಅನ್ನುತ್ತಾಳೆ,
ನನ್ನ ಮೇಲೇ ಬೇಸರವೆಂದು ಒಂದು ರಾತ್ರಿಯೆಲ್ಲ ಮುಖ ಗಂಟಿಕ್ಕಿದ್ದೆ.
ಅವರಲ್ಲಿ ಅದು ಬರೀ 'ಇದೆ' ಅಂತೆ.
ನೀರು ಛ. ಜ್ವರ ಛ. ಮಗಳು ಛ.

ಮಗು ಹಣೆ ಮುಟ್ಟಿಕೊಂಡು ಅಂದಿತು: ದುಖ್ಛ.
ಮಂಡಿ ಮುಟ್ಟಿಕೊಂಡು: ದುಖ್ಛ.
ಕಣ್ಣು ಕುಂಕುಮದ ಹಾಗೆ ಕೆಂಪು, ಅಲ್ಲೂ ದುಖ್ಛ.
ಡಾಕ್ಟರು ತಲೆನೋವು, ಕೀಲುನೋವು ಎಂದು ಬರೆದುಕೊಂಡರು.
ನಾನು ಪೊರಕೆ ಹಿಡಿದು ನಿಂತೇ ಇದ್ದೆ.
ನೋವು ಬೇರೆ ದುಃಖ ಬೇರೆ ಎಂದು
ನಲವತ್ತೆರಡು ವರ್ಷ ಬದುಕಿದವಳು ನಾನು,
ನೋವಿಗೆ ಮಾತ್ರೆ, ದುಃಖಕ್ಕೆ ಸೆರಗು.
ಈಕೆಯ ಮಂಡಿಯಲ್ಲಿ ದುಃಖವಿದೆ, ಬೆರಳಿಟ್ಟು ತೋರಿಸುತ್ತಾಳೆ.

ಮಂಗನ ಕಾಯಿಲೆ ಎಂದು ಯಾವ ಬಾಯಲ್ಲಿ ಹೇಳಲಿ?
ಬಂದರ್ ಕಾ ಬುಖಾರ್ ಅಂದೆ.
ಧನಸರಾ ಗೋಡೆಯ ಕ್ಯಾಲೆಂಡರಿನ ಹನುಮಂತನಿಗೆ ಕೈಮುಗಿದಳು.
ಅಯ್ಯೋ ಅವನಲ್ಲ ಮಾರಾಯ್ತಿ.
ಅವಳೂರಲ್ಲಿ ಮಂಗ ಜೋಳ ಕದಿಯುತ್ತಿತ್ತಂತೆ, ಅಷ್ಟೇ.
ಇಲ್ಲಿ ತಾನು ಸತ್ತು, ತನ್ನ ಉಣುಗು ಬಿಟ್ಟುಹೋಗಿದೆ
ದರಗಿನ ಮೇಲೆ.

ದರಗು ಗುಡಿಸಲು ಹೊರಟಿದ್ದರು ಪಕ್ಕದ ಮನೆಯ ಹುಡುಗರು.
ಬಾ ಎಂದು ಕೈ ಬೀಸಿದರು.
ಒಂಬತ್ತು ವಾರದಲ್ಲಿ ಅವಳನ್ನು ಯಾರಾದರೂ ಕರೆದದ್ದು
ಅದೇ ಮೊದಲು.

ಪ್ಲೇಟ್‌ಲೆಟ್ ಚಾಲೀಸ್ ಹಜಾರ್ ಅಂದೆ ಮೂರನೆಯ ರಾತ್ರಿ.
ಧನಸರಾ ಸೊಂಟದ ಗಂಟು ಹಿಡಿದುಕೊಂಡಳು.
ದುಡ್ಡಲ್ಲ ಕಣೇ, ರಕ್ತ, ಮಗಳ ರಕ್ತ.
ಅವಳು ಗಂಟು ಬಿಡಲಿಲ್ಲ.
ಗಂಡನಿಗೆ ಹೊಸ ರೆಸಾರ್ಟಿನಲ್ಲಿ ರಾತ್ರಿ ಕಾವಲು,
ಒಂದು ರಾತ್ರಿ ತಪ್ಪಿದರೆ ಎರಡು ದಿನದ ಸಂಬಳ.
ಅವನು ಅಲ್ಲಿ ಯಾರೂ ಇಲ್ಲದ ಕೋಣೆಗಳನ್ನು ಕಾಯುತ್ತ,
ನಾವು ಇಲ್ಲಿ ಸಲೈನಿನ ಹನಿಗಳನ್ನು.

ಬ್ರೆಡ್ಡು ಮುಟ್ಟಲಿಲ್ಲ ಹುಡುಗಿ.
ನನ್ನ ಡಬ್ಬಿಯ ಗಂಜಿ ಬಿಚ್ಚಿದೆ, ಒಂದು ಹರಳು ಉಪ್ಪು.
ಜಾವುಲೊ! ಅಂದಳು ತಾಯಿ,
ಕಳೆದುಹೋದ ನೆಂಟರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗೆ.
ನಾಲ್ಕು ಚಮಚ. ಆಮೇಲೆ ಅರ್ಧ ಲೋಟ.
ಬೆಳಗಿನ ಜಾವ ಸಿಸ್ಟರ್ ಸೂಜಿ ತಂದಾಗ
ಗೋಡೆಗೆ ಮುಖ ಮಾಡಿ ಮಲಗಿದ್ದವಳು
ಸ್ಪಷ್ಟವಾಗಿ, ನಮ್ಮ ಭಾಷೆಯಲ್ಲಿ: ಚುಚ್ಚಬೇಡ.
ಇಡೀ ವಾರ್ಡು ನಕ್ಕಿತು. ಸಿಸ್ಟರ್ ಚುಚ್ಚಿದರು.

ಎಂಟನೆಯ ದಿನ ಬಿಡುಗಡೆ.
ಹದಿನೈದು ದಿನದೊಳಗೆ ಜ್ವರ ಮರಳಿದರೆ
ಓಡಿ ಬನ್ನಿ ಎಂದು ಹೇಳಬೇಕಿತ್ತು.
ಮೂರು ಬಾರಿ ಕೈಬೆರಳು ಎಣಿಸಿದೆ,
ನಡುಗಿ ತೋರಿಸಿದೆ, ಓಡಿ ತೋರಿಸಿದೆ ವರಾಂಡದಲ್ಲಿ.
ಹುಡುಗಿಗೆ ಅದು ಆಟ. ಇನ್ನೊಮ್ಮೆ ಓಡು ಎಂಬಂತೆ ಚಪ್ಪಾಳೆ.
ಧನಸರಾ ತಲೆಯಾಡಿಸಿದಳು.
ಹೌದೋ, ಇಲ್ಲವೋ, ಅವರ ತಲೆಯಾಟ ನನಗೆ ತಿಳಿಯದು.

ಇವತ್ತು ಹದಿನಾರು.
ಬರಲಿಲ್ಲ.
ವಾಸಿಯಾಗಿದೆ ಎಂದೋ,
ಬಸ್ಸಿಗೆ ಕಾಸಿಲ್ಲ ಎಂದೋ.
ಹನ್ನೊಂದರಲ್ಲಿ ಈಗ ಹೊಳಲೂರಿನ ಹುಡುಗ, ಕಾಲು ಮುರಿದವನು,
ಒಂದೇ ಸಮನೆ ಅಳುತ್ತಾನೆ.
ಪೊರಕೆ ಗೋಡೆಗೊರಗಿಸಿ ಪಕ್ಕ ಕೂತೆ.
ಎಲ್ಲಿ ದುಃಖ, ಮರಿ? ಅಂದುಬಿಟ್ಟೆ.
ಅವನು ಅಳು ನಿಲ್ಲಿಸಿ
ಇದ್ಯಾರು ಎಂಬಂತೆ ನನ್ನನ್ನೇ ನೋಡಿದ.