ನಾಲ್ಕು ಕೋಣೆಯ ಡಬ್ಬಿ

ಮದುರೇರ ಮಾರುಕಟ್ಟೆಯಲ್ಲಿ, ಕೋಳಿ ಪಂಜರಗಳ ಸಾಲಿನ ಹಿಂದೆ,
ಅಮ್ಮ ಅದನ್ನು ಮೂರು ಶನಿವಾರ ಮುಟ್ಟಿ ಮುಟ್ಟಿ ಇಟ್ಟು
ನಾಲ್ಕನೆಯ ಶನಿವಾರ ಕೊಂಡಳು.
ನೀಲಿ ಪ್ಲಾಸ್ಟಿಕ್ಕು. ನಾಲ್ಕು ಕಡೆ ಚಿಲಕ.
ಒಳಗೆ ಎರಡು ದೊಡ್ಡ ಕೋಣೆ, ಒಂದು ಸಾಧಾರಣ,
ಮೂಲೆಯಲ್ಲಿ ಇನ್ನೊಂದು, ಬೆಂಕಿಪೊಟ್ಟಣದಷ್ಟು,
ಯಾತಕ್ಕೆಂದು ಅಂಗಡಿಯವನಿಗೂ ಗೊತ್ತಿಲ್ಲ.
ಸಾಸಿಗೆ ಅಂದ. ಆಮೇಲೆ, ಗುಳಿಗೆಗೆ ಅಂದ.

ನಮ್ಮ ಮನೆಗೆ ಒಂದೇ ಕೋಣೆ.
ನಡುವೆ ಹೂವಿನ ಪರದೆ,
ಆಚೆ ಅಜ್ಜಿಯ ಕೆಮ್ಮು, ಈಚೆ ನನ್ನ ಮಗ್ಗಿ,
ಒಲೆ ಹೊತ್ತಿದರೆ ಎರಡೂ ಕಡೆ ಬೆಳ್ಳುಳ್ಳಿ.
ಡಬ್ಬಿ ತೆಗೆದು, ಮುಚ್ಚಿ, ಮತ್ತೆ ತೆಗೆದು
ಹೊಟ್ಟೆಕಿಚ್ಚು ಪಟ್ಟವಳು ನಾನು:
ಅನ್ನಕ್ಕೆ ಒಂದು ಕೋಣೆಯಂತೆ,
ಕಪ್ಪು ಬೀನ್ಸಿಗೆ ಒಂದಂತೆ,
ಕೋಳಿಕಾಲಿನ ಪಕ್ಕ ಯಾರೂ ಮಲಗುವುದಿಲ್ಲವಂತೆ.

ಫರೋಫ ಅಂದರೆ ಮರಗೆಣಸಿನ ಹಿಟ್ಟು,
ಬೆಣ್ಣೆ ಈರುಳ್ಳಿಯಲ್ಲಿ ಹುರಿದದ್ದು, ಉದುರು ಉದುರು.
ಬೀನ್ಸಿನ ರಸ ಒಂದು ಹನಿ ತಾಗಿದರೆ ಮುಗಿಯಿತು, ಅಂಟು.
ಹಿಂದೆಲ್ಲ ಬಟ್ಟೆ ಸುತ್ತಿದ ಪಾತ್ರೆಯೊಳಗೆ
ಊಟ ಊಟವಾಗಿ ಹೊರಟು
ಸಮುದ್ರ ಮುಟ್ಟುವಾಗ ಕಲಸಿದ ಸಿಮೆಂಟು.
'ಹೊಟ್ಟೆಗೆ ಹೋದಮೇಲೆ ಎಲ್ಲ ಒಂದೇ ಅಲ್ಲವೇ'
ಅಂದಳು ಪಕ್ಕದ ಮನೆಯ ದೋನಾ ನೇವುಜ.
'ಹೊಟ್ಟೆಗೆ ಮುಂಚೆ ಬಾಯಿ ಅಂತ ಒಂದಿದೆ'
ಅಂದಳು ಅಮ್ಮ, ಚಿಲಕ ಒತ್ತುತ್ತ.

ಭಾನುವಾರ ನಸುಕಿಗೇ ರೈಲು, ಆಮೇಲೆ ಬಸ್ಸು.
ಡಬ್ಬಿ ನನ್ನ ತೊಡೆಯ ಮೇಲೆ.
ತಿರುವು ಬಂದಾಗಲೆಲ್ಲ ಅಮ್ಮನ ಅಂಗೈ ಮುಚ್ಚಳದ ಮೇಲೆ,
ಜ್ವರ ನೋಡುವ ಹಾಗೆ.

ಲೇಮೆಯ ಮರಳಲ್ಲಿ ಬೆಡ್‌ಶೀಟು ಹಾಸಿ ಕೂತೆವು.
ಎದುರಿನ ಕಟ್ಟಡಕ್ಕೆ ಚಮಚ ತೋರಿಸಿ ಅಮ್ಮ,
'ಅದೇ, ಏಳನೇ ಮಹಡಿ.
ಹನ್ನೊಂದು ವರ್ಷ ಆಯಿತು ಅಲ್ಲಿ ಬೇಯಿಸಲು ಹಿಡಿದು.
ನನ್ನ ಕಿಟಕಿ ಹಿಂದಕ್ಕಿದೆ.
ಗೋಡೆ ಕಾಣುತ್ತದೆ, ಗೋಡೆಗೊಂದು ಪೈಪು.'
ತಮ್ಮ ಜೋಸಿಮಾರ್ ಕೇಳಿದ,
'ಪೈಪಿನೊಳಗೆ ಸಮುದ್ರ ಇದೆಯಾ?'

ಪಕ್ಕದ ಕೊಡೆಯ ಕೆಳಗಿಂದ ಯಾರೋ,
ಪಿಸುಮಾತು ಎಲ್ಲರಿಗೂ ಕೇಳಲಿ ಎಂಬಂತೆ:
'ಫರೋಫದವರು ಬಂದರು ನೋಡು.'
ಬುತ್ತಿ ಕಟ್ಟಿಕೊಂಡು ಕಡಲಿಗೆ ಬರುವವರಿಗೆ
ಈ ಊರಲ್ಲಿ ಅದೇ ಹೆಸರು.
ಅಮ್ಮನ ಕಿವಿ ಕೆಂಪಾಯಿತು. ಬಿಸಿಲಿಗೂ ಇರಬಹುದು.
ಆಮೇಲೆ ಚಿಲಕ ತೆಗೆದಳು,
ಟಪ್. ಟಪ್. ಟಪ್. ಟಪ್.
ಅನ್ನ ಬೆಳ್ಳಗೆ, ಬೀನ್ಸು ಕಪ್ಪಗೆ,
ಫರೋಫ ಒಲೆಯಿಂದ ಈಗಷ್ಟೇ ಇಳಿದ ಹಾಗೆ.
ಒಂದು ಹಿಡಿ ಬಾಯಿಗೆ ಹಾಕಿ
ಗರಗರ ಅಗಿದಳು,
ಆ ಕೊಡೆಯ ಕಡೆಗೇ ಮುಖ ಮಾಡಿ.

ತಮ್ಮ ತತುಯಿ ಹಿಡಿದ.
ಹುಣಸೆಬೀಜದಷ್ಟು ಜೀವ,
ಮರಳಿನೊಳಕ್ಕೆ ಹಿಮ್ಮುಖ ಕೊರೆದುಕೊಂಡು ಹೋಗುವಂಥದ್ದು.
ಯಾರೂ ನೋಡದಾಗ ಅದನ್ನು ಆ ಚಿಕ್ಕ ಕೋಣೆಗೆ ಇಳಿಸಿ
ಒಂದಿಷ್ಟು ಹಸಿ ಮರಳು ಹೊದಿಸಿದ.

ಬಸ್ಸಿನಲ್ಲಿ ಡಬ್ಬಿ ಕೆರೆಯತೊಡಗಿತು.
ಅಮ್ಮ ಕಿವಿಗೊಟ್ಟಳು. ತಮ್ಮ ಕಿಟಕಿಯಾಚೆ ನೋಡಿದ.
ಚಿಲಕ ಸರಿಪಡಿಸಿದಳೇ ಹೊರತು
ಏನೆಂದು ಕೇಳಲಿಲ್ಲ.

ರಾತ್ರಿ ಲೋಟದಲ್ಲಿ ಉಪ್ಪುನೀರು ಮಾಡಿಕೊಟ್ಟಳು.
ಬೆಳಿಗ್ಗೆ ಲೋಟ ಖಾಲಿ.
'ದಾರಿ ಗೊತ್ತಿತ್ತು, ಹೋಯಿತು' ಅಂದಳು.
ತಮ್ಮ ನಂಬಿದ. ನಾನು ಕಸದ ಚೀಲ ನೋಡಿದ್ದೆ.

ಸೋಮವಾರ ಅದೇ ಡಬ್ಬಿಯಲ್ಲಿ ಅನ್ನ, ಬೀನ್ಸು.
ಎಷ್ಟು ಉಜ್ಜಿದರೂ ಆ ಮೂಲೆಗೆ ಬೆರಳು ಹೋಗುವುದಿಲ್ಲ.
ಏಳನೇ ಮಹಡಿಯಲ್ಲಿ, ಗೋಡೆಗೆ ಮುಖ ಮಾಡಿ
ನಿಂತೇ ಉಣ್ಣುವಾಗ ಕಂಡಳಂತೆ
ಚಿಟಿಕೆ ಮರಳು.

ಎಂಜಲು ಡಬ್ಬಿಯನ್ನು ಎಂದೂ ಅಲ್ಲೇ ತೊಳೆದು ತರುವವಳು
ಅವತ್ತು ತೊಳೆಯದೆ ತಂದಳು.